ಉಣುಗು ಹರಡುವ ವೈರಸ್‌ನ ಇ ಪ್ರೋಟೀನ್: ರೆಸಿಡ್ಯೂ ಸಂಪರ್ಕಗಳ ಪಟ್ಟಿ ಕಟ್ಟಿದ ದಾಖಲೆ

ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ. ರಷ್ಯಾ ಮತ್ತು ಯುರೋಪಿನಲ್ಲಿ ಉಣುಗಿನಿಂದ ಹರಡುವ ಮಿದುಳುರಿಯೂತದ ವೈರಸ್‌ಗೆ ಇದು ಹತ್ತಿರದ ನೆಂಟ ಎಂಬುದು ಪುಣೆಯ ಪರೀಕ್ಷೆಗಳಲ್ಲಿ ಆಗಲೇ ಗೊತ್ತಾಗಿತ್ತು. ಆ ನೆಂಟನನ್ನು ಇಲ್ಲಿ ಟಿಬಿಇ ವೈರಸ್ ಎನ್ನೋಣ. ಅದರ ಹೊರಕವಚದ ಇ ಪ್ರೋಟೀನಿನ ರಚನೆ ಎರಡು ಸ್ಥಿತಿಗಳಲ್ಲಿ ಬಿಡಿಸಲ್ಪಟ್ಟಿದೆ: ಜೀವಕೋಶಕ್ಕೆ ನುಗ್ಗುವ ಮುಂಚಿನ ಡೈಮರ್ (ಎರಡು ಪ್ರತಿಗಳ ಜೋಡಿ), ನುಗ್ಗಿದ ನಂತರದ ಟ್ರೈಮರ್ (ಮೂರು ಪ್ರತಿಗಳ ಗುಂಪು). ಮೊದಲನೆಯದು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1ಎಸ್‌ವಿಬಿ (1995, ಸ್ಪಷ್ಟತೆ ಸುಮಾರು 2 ಆಂಗ್‌ಸ್ಟ್ರಾಮ್; ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ಎರಡನೆಯದು 1ಯುಆರ್‌ಜೆಡ್ (2004, 2.7 ಆಂಗ್‌ಸ್ಟ್ರಾಮ್). ಎರಡರಲ್ಲೂ ಯಾವ ರೆಸಿಡ್ಯೂ (ಪ್ರೋಟೀನ್ ಸರಪಳಿಯ ಕೊಂಡಿಯಾದ ಒಂದೊಂದು ಅಮೈನೋ ಆಮ್ಲ) ಯಾವುದಕ್ಕೆ ತಾಗಿಕೊಂಡಿದೆ, ಸ್ಥಿತಿ ಬದಲಾದಾಗ ಯಾವ ಸಂಪರ್ಕ ಕಳಚಿತು, ಯಾವುದು ಹೊಸದಾಗಿ ಕೂಡಿತು ಎಂಬ ಪಟ್ಟಿ ತೆಗೆಯುವುದು ಕೆಲಸ. ಶಿವಮೊಗ್ಗ ಕಡೆಯ ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂಥ ವಿಷಯ. ದೊಡ್ಡ ಯಂತ್ರವೂ ಬೇಡ.

ಬೇಕಾದ ಸಾಮಾನು

4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಪೈಥಾನ್, ಬಯೋಪೈಥಾನ್, ನಂಪೈ, ಸೈಪೈ, ಚಿತ್ರಕ್ಕೆ ಮ್ಯಾಟ್‌ಪ್ಲಾಟ್‌ಲಿಬ್, ಕಣ್ಣಲ್ಲಿ ನೋಡಲು ಪೈಮಾಲ್ ಅಥವಾ ಕೈಮೆರಾಎಕ್ಸ್. ಆರಿದ್ರೆ, ಪುಷ್ಯ ಮಳೆ ಹಿಡಿದರೆ ಸಾಗರ, ಹೊಸನಗರದ ಕಡೆ ಕರೆಂಟನ್ನೂ ನಂಬುವಂತಿಲ್ಲ, ನೆಟ್‌ವರ್ಕನ್ನೂ ನಂಬುವಂತಿಲ್ಲ. ಹಾಗಾಗಿ ಪ್ಯಾಕೇಜುಗಳ ಇನ್‌ಸ್ಟಾಲ್ ಕಡತಗಳನ್ನೂ ರಚನೆಗಳ ಕಡತಗಳನ್ನೂ ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಡಿ. ಸ್ಕ್ರಿಪ್ಟ್ ಪ್ರತಿ ಸಲ ಓಡಿದಾಗಲೂ ಇಂಟರ್‌ನೆಟ್ಟಿಗೆ ಕೈಚಾಚುವಂತೆ ಬರೆಯಬೇಡಿ. ಒಂದೊಂದು ಸರಪಳಿ ಮುಗಿದ ಕೂಡಲೇ ಫಲಿತಾಂಶ ಡಿಸ್ಕಿಗೆ ಹೋಗಲಿ.

ರಚನೆಗಳು ನಾಲ್ಕು ಬೇಕು. ಮುಖ್ಯವಾದ ಎರಡರ ಜೊತೆಗೆ ಪರೀಕ್ಷೆಗೆಂದು ಕ್ರ್ಯಾಂಬಿನ್ ಎಂಬ ಪುಟ್ಟ ಬೀಜ-ಪ್ರೋಟೀನಿನ ಎರಡು ಕಡತ: 1ಸಿಆರ್‌ಎನ್ ಮತ್ತು 1ಇಜೆಜಿ.

ಸಂಪರ್ಕ ಅಂದರೆ ಏನು

ಇದನ್ನು ಮೊದಲೇ ತೀರ್ಮಾನಿಸಿ ಬರೆದಿಡಬೇಕು. ಸಂಪರ್ಕ ಎಂಬುದು ಕಡತದಲ್ಲಿ ಬರೆದಿಟ್ಟ ಸಂಗತಿಯಲ್ಲ, ನೀವು ಹಾಕಿದ ನಿಯಮದಿಂದ ಹುಟ್ಟುವುದು. ಚಾಲ್ತಿಯಲ್ಲಿರುವ ನಿಯಮ ಮುಖ್ಯವಾಗಿ ಎರಡು.

ಒಂದು: ಎರಡು ರೆಸಿಡ್ಯೂಗಳ ಸಿ-ಬೀಟಾ (ಪಕ್ಕಸರಪಳಿಯ, ಅಂದರೆ ಬಾಲದ, ಮೊದಲ ಇಂಗಾಲ) ಪರಮಾಣುಗಳ ನಡುವೆ 8 ಆಂಗ್‌ಸ್ಟ್ರಾಮಿಗಿಂತ ಕಡಿಮೆ ದೂರ. ರಚನೆ ಊಹಿಸುವ ಸ್ಪರ್ಧೆಗಳಲ್ಲಿ ಬಳಸುವುದು ಇದನ್ನೇ. ಇನ್ನೊಂದು: ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳಲ್ಲಿ ಯಾವುದಾದರೂ ಒಂದು ಜೋಡಿ 4.5 ಆಂಗ್‌ಸ್ಟ್ರಾಮ್ ಒಳಗೆ ಬರುವುದು. ಮೊದಲನೆಯದು ಎರಡು ಮನೆಗಳ ಹೆಬ್ಬಾಗಿಲ ನಡುವಿನ ದೂರ ಅಳೆದಂತೆ, ಎರಡನೆಯದು ಸೂರಿಗೆ ಸೂರು ತಾಗಿದೆಯೇ ಎಂದು ನೋಡಿದಂತೆ. ಅರ್ಜಿನಿನ್, ಲೈಸಿನ್‌ಗಳಂಥ ಉದ್ದ ಬಾಲದವುಗಳಲ್ಲಿ ಬಾಗಿಲು ದೂರವಿದ್ದರೂ ಸೂರು ತಾಗಿರುತ್ತದೆ. ಎರಡು ಸ್ಥಿತಿಗಳನ್ನು ಹೋಲಿಸುವ ನಮ್ಮ ಕೆಲಸಕ್ಕೆ ಎರಡನೆಯದೇ ಸರಿ. ಮೊದಲನೆಯದು ಚಿತ್ರ ಬಿಡಿಸಲು ಚೆನ್ನ.

ಗ್ಲೈಸಿನ್‌ಗೆ ಸಿ-ಬೀಟಾ ಇಲ್ಲ. ಬಾಲ ಹೊರಡುವ ಬೆನ್ನೆಲುಬಿನ ಇಂಗಾಲವಾದ ಸಿ-ಆಲ್ಫಾವನ್ನೇ ಬಳಸುವುದು ರೂಢಿ, ಆದರೆ ಕಾಲ್ಪನಿಕ ಸಿ-ಬೀಟಾ ಹಾಕಿದರೆ ನಕ್ಷೆ ಹೆಚ್ಚು ಸಮವಾಗಿ ಬರುತ್ತದೆ. ಸಿ-ಆಲ್ಫಾದಿಂದ ಎನ್ ಕಳೆದರೆ ಬರುವ ಸದಿಶ ಕ, ಸಿ ಪರಮಾಣುವಿನಿಂದ ಸಿ-ಆಲ್ಫಾ ಕಳೆದರೆ ಖ, ಕ ಮತ್ತು ಖಗಳ ಕ್ರಾಸ್ ಗುಣಲಬ್ಧ ಗ. ಕಾಲ್ಪನಿಕ ಸಿ-ಬೀಟಾ = ಸಿ-ಆಲ್ಫಾ + 0.568 ಕ − 0.541 ಖ − 0.583 ಗ. ಸೂತ್ರವನ್ನು ಮೊದಲು ಅಲನಿನ್ ಮೇಲೆ ಓಡಿಸಿ, ನಿಜವಾದ ಸಿ-ಬೀಟಾ ಹತ್ತಿರವೇ ಬೀಳುತ್ತದೆಯೇ ನೋಡಿ. ಎದುರು ದಿಕ್ಕಿಗೆ ಬಿದ್ದರೆ ಕ್ರಾಸ್ ಗುಣಲಬ್ಧದಲ್ಲಿ ಕ, ಖ ಅದಲುಬದಲಾಗಿವೆ.

ಅನುಕ್ರಮದಲ್ಲಿ ಅಕ್ಕಪಕ್ಕದವು ಹೇಗೂ ತಾಗಿಯೇ ಇರುತ್ತವೆ. ಆದ್ದರಿಂದ ಒಂದೇ ಸರಪಳಿಯೊಳಗೆ ಕ್ರಮಸಂಖ್ಯೆಯ ಅಂತರ 4ಕ್ಕಿಂತ ಕಡಿಮೆ ಇರುವ ಜೋಡಿಗಳನ್ನು ಬಿಡಿ. 395 ರೆಸಿಡ್ಯೂಗಳ ಸರಪಳಿಯಲ್ಲಿ ಒಟ್ಟು 77,815 ಜೋಡಿ, ಈ ಸೋಸುವಿಕೆಯ ನಂತರ 76,636 ಉಳಿಯುತ್ತವೆ. ನಿಮ್ಮ ಲೂಪ್ ಬೇರೆ ಸಂಖ್ಯೆ ಕೊಟ್ಟರೆ ಎಲ್ಲೋ ಒಂದರ ಹೆಚ್ಚುಕಡಿಮೆ ಆಗಿದೆ.

ಪುಟ್ಟದರಲ್ಲಿ ಮೊದಲು

1ಸಿಆರ್‌ಎನ್‌ನಲ್ಲಿ 46 ರೆಸಿಡ್ಯೂ, 327 ಪರಮಾಣು, ನೀರಿನ ಅಣು ಒಂದೂ ಇಲ್ಲ. ಮೂರು ಡೈಸಲ್ಫೈಡ್ ಸೇತುವೆ: 3–40, 4–32, 16–26. ಸಿಸ್ಟೀನ್‌ಗಳ ಗಂಧಕದ ನಡುವಿನ ದೂರ ಸುಮಾರು 2.05 ಆಂಗ್‌ಸ್ಟ್ರಾಮ್ ಇರಬೇಕು. 2.5 ಒಳಗೆ ಈ ಮೂರು ಜೋಡಿ ಮಾತ್ರ ಸಿಕ್ಕಿದರೆ ಓದುವ ಭಾಗ ಸರಿಯಾಗಿದೆ. ನಕ್ಷೆ ಬಿಡಿಸಿದಾಗ ಹೆಲಿಕ್ಸ್‌ಗಳು ಮುಖ್ಯ ಕರ್ಣದ ಪಕ್ಕದಲ್ಲೇ ದಪ್ಪ ಪಟ್ಟಿಯಾಗಿಯೂ, ಎದುರುಬದುರು ಓಡುವ ಬೀಟಾ ಎಳೆಗಳು ಕರ್ಣಕ್ಕೆ ಅಡ್ಡಗೆರೆಯಾಗಿಯೂ ಕಾಣುತ್ತವೆ.

1ಇಜೆಜಿ ಕೂಡ ಕ್ರ್ಯಾಂಬಿನ್ನೇ, ಆದರೆ 0.54 ಆಂಗ್‌ಸ್ಟ್ರಾಮ್ ಸ್ಪಷ್ಟತೆಯದು. ಸ್ಕ್ರಿಪ್ಟಿನ ಹುಳುಕು ಹೊರಗೆ ಬರುವುದು ಇಲ್ಲಿ. ಇದರಲ್ಲಿ ಹೈಡ್ರೋಜನ್‌ಗಳೂ ಇವೆ. ಸೋಸದೆ ಬಿಟ್ಟರೆ 4.5 ಆಂಗ್‌ಸ್ಟ್ರಾಮ್ ಮಿತಿಯಲ್ಲಿ ಸಂಪರ್ಕಗಳು ವಿಪರೀತ ಏರುತ್ತವೆ. ಸೋಸುವಾಗ ಪರಮಾಣುವಿನ ಹೆಸರಿನ ಮೊದಲ ಅಕ್ಷರ ನೋಡಬೇಡಿ, ಮೂಲವಸ್ತುವಿನ ಕಾಲಂ ನೋಡಿ. ಕೆಲವು ಕಡತಗಳಲ್ಲಿ ಹೈಡ್ರೋಜನ್ ಹೆಸರು ಅಂಕಿಯಿಂದ ಶುರುವಾಗುತ್ತದೆ, ಪಾದರಸದ ಸಂಕೇತವೂ (Hg) ಹೈಡ್ರೋಜನ್‌ನ H ಅಕ್ಷರದಿಂದಲೇ ಶುರುವಾಗುತ್ತದೆ.

ಇನ್ನು ಪರ್ಯಾಯ ಸ್ಥಾನಗಳು. ಒಂದೇ ಪಕ್ಕಸರಪಳಿ ಎ, ಬಿ ಎಂದು ಎರಡು ಕಡೆ ಬರೆದಿರುತ್ತದೆ, ಎರಡರ ಆಕ್ಯುಪೆನ್ಸಿ (ಆ ಜಾಗದಲ್ಲಿ ಇರುವ ಪಾಲು) ಸೇರಿ 1. ಬಯೋಪೈಥಾನ್ ತಾನಾಗಿ ಹೆಚ್ಚು ಆಕ್ಯುಪೆನ್ಸಿಯದನ್ನು ಆರಿಸುತ್ತದೆ, ಆದರೆ ಆ ಆಯ್ಕೆ ಒಂದೊಂದು ಪರಮಾಣುವಿಗೂ ಬೇರೆಬೇರೆ. ಆಕ್ಯುಪೆನ್ಸಿಗಳು ಏರುಪೇರಾಗಿದ್ದರೆ ಅರ್ಧ ಬಾಲ ಎ ಇಂದ, ಇನ್ನರ್ಧ ಬಿ ಇಂದ ಬಂದು, ಎಲ್ಲೂ ಇಲ್ಲದ ರೆಸಿಡ್ಯೂ ಒಂದು ಹುಟ್ಟುತ್ತದೆ. ಆಯ್ಕೆಯನ್ನು ಇಡೀ ರೆಸಿಡ್ಯೂ ಮಟ್ಟದಲ್ಲಿ ಮಾಡಿ: ಆಕ್ಯುಪೆನ್ಸಿಯ ಸರಾಸರಿ ಹೆಚ್ಚಿರುವ ಅಕ್ಷರ ಒಂದನ್ನೇ ಹಿಡಿಯಿರಿ, ಸಮವಾದರೆ ಎ. ಕ್ರ್ಯಾಂಬಿನ್‌ನ 22 ಮತ್ತು 25ನೇ ಸ್ಥಾನಗಳಲ್ಲಿ ಇನ್ನೂ ಒಂದು ತೊಡಕಿದೆ. ಅಲ್ಲಿ ಎರಡು ಬೇರೆಬೇರೆ ಅಮೈನೋ ಆಮ್ಲಗಳೇ ಒಂದೇ ಜಾಗ ಹಂಚಿಕೊಂಡಿವೆ: 22ರಲ್ಲಿ ಪ್ರೋಲಿನ್ ಅಥವಾ ಸೆರಿನ್, 25ರಲ್ಲಿ ಲ್ಯೂಸಿನ್ ಅಥವಾ ಐಸೋಲ್ಯೂಸಿನ್. ನಿಮ್ಮ ಸ್ಕ್ರಿಪ್ಟ್ ಯಾವುದನ್ನು ಹಿಡಿದಿದೆ ಎಂದು ಮುದ್ರಿಸಿ ನೋಡಿ. ಸೊನ್ನೆ ಆಕ್ಯುಪೆನ್ಸಿಯ ಪರಮಾಣುಗಳನ್ನು ಕಣ್ಣುಮುಚ್ಚಿ ತೆಗೆಯಿರಿ.

ಡೈಮರ್ ಎಲ್ಲಿ ಹೋಯಿತು

1ಎಸ್‌ವಿಬಿ ಕಡತವನ್ನು ಇದ್ದಹಾಗೆ ತೆರೆದರೆ ಒಂದೇ ಸರಪಳಿ. ವೈರಸ್ ಮೇಲಿರುವುದು ಮಾತ್ರ ತಲೆಕೆಳಗಾಗಿ ಅಕ್ಕಪಕ್ಕ ಮಲಗಿದ ಜೋಡಿ. ಹರಳಿನ ಸಮ್ಮಿತಿಯೇ ಎರಡನೆಯದನ್ನು ಕೊಡುವುದರಿಂದ ಅದನ್ನು ಮತ್ತೆ ಬರೆದಿಲ್ಲ, ಅಷ್ಟೇ. ಇದನ್ನು ಗಮನಿಸದೆ ಮುಂದೆ ಹೋದರೆ ಕಥೆಯ ಅರ್ಧವೇ ಇಲ್ಲ: ಒಂದರ ಫ್ಯೂಷನ್ ಲೂಪ್ (ಜೀವಕೋಶದ ಪೊರೆಗೆ ಚುಚ್ಚಿಕೊಳ್ಳುವ ಕುಣಿಕೆ, 100ರ ಆಸುಪಾಸಿನಿಂದ 109ರವರೆಗೆ) ಇನ್ನೊಂದರ ಒಂದನೇ ಮತ್ತು ಮೂರನೇ ಡೊಮೈನ್‌ಗಳ (ಪ್ರೋಟೀನಿನೊಳಗೆ ಬೇರೆಬೇರೆಯಾಗಿ ಮಡಚಿದ ಭಾಗಗಳ) ನಡುವಿನ ಸಂದಿಯಲ್ಲಿ ಅಡಗಿರುತ್ತದೆ. ನಾವು ಹುಡುಕುತ್ತಿರುವ ಮುಖ್ಯ ಸಂಪರ್ಕಗಳು ಅವೇ.

ಎರಡೂ ಪ್ರತಿ ಸೇರಿದ ಜೈವಿಕ ಜೋಡಣೆಯ ಕಡತವನ್ನು ಬೇರೆಯಾಗಿ ಇಳಿಸಬೇಕು. ಹಳೆಯ ಪಿಡಿಬಿ ನಮೂನೆಯಲ್ಲಿ ಇಳಿಸಿದರೆ ಎರಡೂ ಪ್ರತಿಗಳ ಹೆಸರು ಎ ಎಂದೇ ಇದ್ದು, ಮಾಡೆಲ್ 1, ಮಾಡೆಲ್ 2 ಎಂದು ಬೇರಾಗಿರುತ್ತವೆ. ಹೆಚ್ಚಿನ ಸ್ಕ್ರಿಪ್ಟುಗಳು, ಒಂದೇ ಅಣುವಿಗೆ ಹಲವು ಮಾಡೆಲ್ ಇರುವ ಎನ್‌ಎಂಆರ್ ರಚನೆಗಳ ಅಭ್ಯಾಸಬಲದಿಂದ, ಮೊದಲ ಮಾಡೆಲ್ ಮಾತ್ರ ಓದುತ್ತವೆ. ಆಗ ಡೈಮರ್ ಸಂಪರ್ಕ ಸೊನ್ನೆ ಬರುತ್ತದೆ, ತಪ್ಪಿನ ಸಂದೇಶ ಮಾತ್ರ ಬರುವುದಿಲ್ಲ. ಎಂಎಂಸಿಐಎಫ್ ನಮೂನೆಯ ಜೋಡಣೆ ಕಡತದಲ್ಲಿ ಎರಡನೇ ಪ್ರತಿಗೆ ಎ-2 ಎಂಬಂಥ ಬೇರೆ ಹೆಸರು ಇರುವುದರಿಂದ ಅದೇ ವಾಸಿ. ಓದಿದ ಕೂಡಲೇ ಸರಪಳಿಗಳ ಹೆಸರು ಮತ್ತು ರೆಸಿಡ್ಯೂ ಎಣಿಕೆ ಮುದ್ರಿಸಿ.

ಇಲ್ಲಿಯೂ ಗಂಧಕದ ಪರೀಕ್ಷೆ ಮಾಡಿ. ಪ್ರತಿ ಸರಪಳಿಗೆ ಆರು ಸೇತುವೆ ಬರಬೇಕು: 3–30, 60–121, 74–105, 92–116, 186–290, 307–338. ಸಂಖ್ಯೆಗಳು ಒಂದೇ ಸಮ ಜರುಗಿ ಬಂದರೆ ನೀವು ಕಡತದ ರೆಸಿಡ್ಯೂ ಸಂಖ್ಯೆ ಬಿಟ್ಟು ಅರೇಯ ಸೂಚ್ಯಂಕವನ್ನು ಬರೆಯುತ್ತಿದ್ದೀರಿ. ಗುರುತಿಗೆ ಯಾವಾಗಲೂ ಸರಪಳಿ, ಸಂಖ್ಯೆ, ಇನ್ಸರ್ಷನ್ ಅಕ್ಷರ ಮೂರನ್ನೂ ಸೇರಿಸಿಯೇ ಬಳಸಿ. 154ನೇ ಆಸ್ಪರಜಿನ್‌ಗೆ ಅಂಟಿದ ಸಕ್ಕರೆಯನ್ನು ನೀರಿನ ಜೊತೆ ಎಸೆಯಬೇಡಿ. ಅದು ಜೋಡಿಯ ಫ್ಯೂಷನ್ ಲೂಪಿನ ಕಡೆ ಮರೆಮಾಡುವ ಭಾಗ. ಅದರ ಸಂಪರ್ಕಗಳಿಗೆ ಬೇರೆ ಕಾಲಂ ಕೊಡಿ.

ಯಂತ್ರದ ಮೆಮೊರಿ ಸಾಲದೆ ನಿಲ್ಲುವ ಜಾಗ

ಎಲ್ಲ ಪರಮಾಣುಗಳ ನಡುವಿನ ದೂರವನ್ನೂ ಒಂದೇ ಮ್ಯಾಟ್ರಿಕ್ಸಿನಲ್ಲಿ ಲೆಕ್ಕ ಹಾಕುವುದು ಒಂದು ಸರಪಳಿಗೆ ನಡೆಯುತ್ತದೆ: ಸುಮಾರು 3,000 ಪರಮಾಣು, 72 ಎಂಬಿ. 1ಯುಆರ್‌ಜೆಡ್‌ನಲ್ಲಿ ಆರು ಸರಪಳಿ, 18,000ದ ಹತ್ತಿರ ಪರಮಾಣು. ಅದರ ವರ್ಗವನ್ನು 8 ಬೈಟಿನಿಂದ ಗುಣಿಸಿದರೆ ಸುಮಾರು 2.6 ಜಿಬಿ. 4 ಜಿಬಿ ಯಂತ್ರ ಅಲ್ಲಿಗೆ ಏದುಸಿರು ಬಿಡುತ್ತದೆ. ಸೈಪೈನ ಕೆಡಿ-ಟ್ರೀ (ಹತ್ತಿರದ ಬಿಂದುಗಳನ್ನು ಬೇಗ ಹುಡುಕುವ ವಿಧಾನ) ಬಳಸಿ 6 ಆಂಗ್‌ಸ್ಟ್ರಾಮ್ ಒಳಗಿನ ಜೋಡಿಗಳನ್ನು ಮಾತ್ರ ಕೇಳಿದರೆ ಕೆಲವು ಲಕ್ಷ ಸಾಲು, ಕೆಲವೇ ಸೆಕೆಂಡು. ಬಯೋಪೈಥಾನಿನ ನೈಬರ್‌ಸರ್ಚ್ ಕೂಡ ಇದನ್ನೇ ಮಾಡುತ್ತದೆ, ಆದರೆ ರೆಸಿಡ್ಯೂ ಮಟ್ಟದಲ್ಲಿ ಕೇಳಿದರೆ ಜೋಡಿ ಕೊಡುತ್ತದೆಯೇ ಹೊರತು ದೂರ ಕೊಡುವುದಿಲ್ಲ. ನಮಗೆ ದೂರ ಬೇಕು.

ಆರು ಸರಪಳಿ ಎಂದರೆ ಎರಡು ಟ್ರೈಮರ್. ಎ, ಬಿ, ಸಿ ಒಂದು ಗುಂಪು ಎಂದು ಊಹಿಸಬೇಡಿ. ಸರಪಳಿ-ಸರಪಳಿ ನಡುವಿನ ಸಂಪರ್ಕಗಳ 6×6 ಕೋಷ್ಟಕ ಮಾಡಿ. ನಿಜವಾದ ಟ್ರೈಮರ್‌ನ ಜೋಡಿಗಳಲ್ಲಿ ಎಣಿಕೆ ದೊಡ್ಡದು, ಹರಳಿನಲ್ಲಿ ಸುಮ್ಮನೆ ಒತ್ತಿಕೊಂಡ ಜೋಡಿಗಳಲ್ಲಿ ಚಿಕ್ಕದು. ಗುಂಪು ಕಣ್ಣಿಗೇ ಕಾಣುತ್ತದೆ.

ಟ್ರೈಮರ್‌ನಲ್ಲಿ ಅತಿ ಹೆಚ್ಚು ಹಾಳು ಮಾಡುವ ತಪ್ಪು ಬೇರೆ ಇದೆ. ಕ್ರಮಸಂಖ್ಯೆಯ ಅಂತರ 4ಕ್ಕಿಂತ ಕಡಿಮೆಯಾದರೆ ಬಿಡು ಎಂಬ ಮೇಲಿನ ನಿಯಮವನ್ನು ಸರಪಳಿಗಳ ನಡುವೆಯೂ ಹಾಕಿಬಿಡುವುದು. ಮೂರು ಮಡಿ ಸಮ್ಮಿತಿಯ ಅಕ್ಷದ ಸುತ್ತ ಒಂದೇ ಸಂಖ್ಯೆಯ ರೆಸಿಡ್ಯೂಗಳೇ ಮೂರು ಕಡೆಯಿಂದ ಹತ್ತಿರ ಬರುತ್ತವೆ. ಅಂತರ ಸೊನ್ನೆ ಎಂದು ಸ್ಕ್ರಿಪ್ಟ್ ಅವನ್ನೆಲ್ಲ ಎಸೆಯುತ್ತದೆ. ಟ್ರೈಮರ್ ಅನ್ನು ಹಿಡಿದಿಟ್ಟ ನಡುಗಂಬವೇ ಪಟ್ಟಿಯಿಂದ ಮಾಯ. ಸೋಸುವ ಸಾಲಿನಲ್ಲಿ 'ಸರಪಳಿ ಒಂದೇ ಆಗಿದ್ದರೆ ಮಾತ್ರ' ಎಂಬ ಷರತ್ತು ಇರಲೇಬೇಕು.

ವಿಧ ಹಚ್ಚುವುದು

ಲವಣ ಸೇತುವೆ: ಆಸ್ಪಾರ್ಟೇಟ್ ಅಥವಾ ಗ್ಲುಟಮೇಟ್‌ನ ಪಕ್ಕಸರಪಳಿಯ ಆಮ್ಲಜನಕಕ್ಕೂ ಲೈಸಿನ್ ಅಥವಾ ಅರ್ಜಿನಿನ್‌ನ ಸಾರಜನಕಕ್ಕೂ 4.0 ಆಂಗ್‌ಸ್ಟ್ರಾಮ್ ಒಳಗೆ. ಹೈಡ್ರೋಜನ್ ಬಂಧ: ದಾತೃವಿನಿಂದ ಗ್ರಾಹಕಕ್ಕೆ 3.5 ಒಳಗೆ, ಜೊತೆಗೆ ಕೋನದ ಪರೀಕ್ಷೆ. ಸುಗಂಧಿ ಉಂಗುರಗಳು: ಕೇಂದ್ರದಿಂದ ಕೇಂದ್ರಕ್ಕೆ 7 ಒಳಗೆ. ಉಳಿದದ್ದು ಇಂಗಾಲ-ಇಂಗಾಲ ಸಂಪರ್ಕ.

2.7 ಆಂಗ್‌ಸ್ಟ್ರಾಮ್ ರಚನೆಯಲ್ಲಿ ಹೈಡ್ರೋಜನ್ ಬಂಧದ ಪಟ್ಟಿಯನ್ನು ಅಷ್ಟಾಗಿ ನಂಬಬೇಡಿ. ಆಸ್ಪರಜಿನ್, ಗ್ಲುಟಮಿನ್‌ಗಳ ತುದಿಯಲ್ಲಿ ಆಮ್ಲಜನಕ ಯಾವುದು, ಸಾರಜನಕ ಯಾವುದು ಎಂಬುದು ಎಲೆಕ್ಟ್ರಾನ್ ಸಾಂದ್ರತೆಯಲ್ಲಿ ಬೇರ್ಪಡುವುದಿಲ್ಲ; ತಿರುಗಿಸಿ ಕೂರಿಸಿದರೆ ದಾತೃ ಗ್ರಾಹಕ ಆಗುತ್ತದೆ. ರಿಡ್ಯೂಸ್ ಎಂಬ ಉಪಕರಣ ಹೈಡ್ರೋಜನ್ ಸೇರಿಸುವಾಗ ಈ ತಿರುವನ್ನೂ ಪರೀಕ್ಷಿಸುತ್ತದೆ. ಎರಡೂ ಕಡತಗಳನ್ನು ಅದರಲ್ಲಿ ಹಾಯಿಸಿ.

ಹಿಸ್ಟಿಡಿನ್‌ದು ಇನ್ನೂ ಸೂಕ್ಷ್ಮ. ಈ ಪ್ರೋಟೀನ್ ರೂಪ ಬದಲಿಸುವುದು ಪಿಎಚ್ ಇಳಿದಾಗ. ಒಂದನೇ ಮತ್ತು ಮೂರನೇ ಡೊಮೈನ್ ಕೂಡುವಲ್ಲಿ 146 ಮತ್ತು 323ನೇ ಹಿಸ್ಟಿಡಿನ್‌ಗಳಿವೆ. 323 ಈ ಬದಲಾವಣೆಗೆ ನಿರ್ಣಾಯಕ ಎಂದು ರೂಪಾಂತರ ಪ್ರಯೋಗಗಳು ತೋರಿಸಿವೆ. ಹೈಡ್ರೋಜನ್ ಕಾಣದ ರಚನೆಯಲ್ಲಿ ಹಿಸ್ಟಿಡಿನ್ ಧನಾತ್ಮಕವೋ ಅಲ್ಲವೋ ಹೇಳಲಾಗದು. ಹಾಗಾಗಿ ಲವಣ ಸೇತುವೆಯ ಪಟ್ಟಿಯನ್ನು ಹಿಸ್ಟಿಡಿನ್ ಸೇರಿಸಿ ಒಂದು, ಬಿಟ್ಟು ಒಂದು, ಹೀಗೆ ಎರಡು ಸಲ ತೆಗೆಯಿರಿ.

ಸಂಪರ್ಕ ಇದೆ, ಇಲ್ಲ ಎಂಬುದರ ಜೊತೆ ಎಷ್ಟು ಗಟ್ಟಿ ಎಂಬ ಅಳತೆ ಬೇಕಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರಸ್ವತಿ ವಿಶ್ವೇಶ್ವರ ಅವರ ತಂಡ ರೂಪಿಸಿದ ಸೂತ್ರ ಒಳ್ಳೆಯದು. ಎರಡು ಪಕ್ಕಸರಪಳಿಗಳ ನಡುವೆ 4.5 ಆಂಗ್‌ಸ್ಟ್ರಾಮ್ ಒಳಗಿನ ಪರಮಾಣು ಜೋಡಿಗಳನ್ನು ಎಣಿಸಿ, ಆ ಎರಡು ವಿಧದ ರೆಸಿಡ್ಯೂಗಳ ಪ್ರಮಾಣಕ ಬೆಲೆಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ, 100ರಿಂದ ಗುಣಿಸುವುದು. ಭಾಗಿಸದಿದ್ದರೆ ಟ್ರಿಪ್ಟೋಫಾನ್ ತನ್ನ ಗಾತ್ರದ ಬಲದಿಂದಲೇ ಪಟ್ಟಿಯ ತಲೆಗೆ ಏರಿ ಕೂರುತ್ತದೆ.

ಹೋಲಿಕೆಗೆ ಮುಂಚೆ ಇನ್ನೊಂದು ಹೋಲಿಕೆ

ಎರಡು ಸ್ಥಿತಿಗಳ ಪಟ್ಟಿ ಸಿದ್ಧವಾದ ಕೂಡಲೇ ಒಂದರಿಂದ ಒಂದನ್ನು ಕಳೆಯುವ ಆಸೆ ಆಗುತ್ತದೆ. ತಡೆಯಿರಿ. 1ಯುಆರ್‌ಜೆಡ್‌ನಲ್ಲಿ ಒಂದೇ ಪ್ರೋಟೀನ್, ಒಂದೇ ಸ್ಥಿತಿ, ಆರು ಪ್ರತಿ. ಮೊದಲು ಅವನ್ನೇ ಒಂದಕ್ಕೊಂದು ಹೋಲಿಸಿ. ಆರರಲ್ಲೂ ಇರುವ ಸಂಪರ್ಕ ಗಟ್ಟಿ. ಎರಡರಲ್ಲಿ ಇದ್ದು ನಾಲ್ಕರಲ್ಲಿ ಇಲ್ಲದ್ದು ಅಳತೆಯ ಗದ್ದಲ, ಇಲ್ಲವೇ ಹರಳಿನ ಒತ್ತಡ. ಇದಕ್ಕಿಂತ ಚಿಕ್ಕ ವ್ಯತ್ಯಾಸವನ್ನು ಡೈಮರ್-ಟ್ರೈಮರ್ ನಡುವೆ ಕಂಡರೆ ಅದಕ್ಕೆ ಜೀವವಿಜ್ಞಾನದ ಅರ್ಥ ಹಚ್ಚಬಾರದು. ಪ್ರಾಜೆಕ್ಟ್ ವರದಿಗಳಲ್ಲಿ ಈ ಹೆಜ್ಜೆಯೇ ಕಾಣುವುದಿಲ್ಲ, ಬಣ್ಣಬಣ್ಣದ ನಕ್ಷೆ ಮಾತ್ರ ಇರುತ್ತದೆ. ಇನ್ನೊಂದು ಎಚ್ಚರ: ಈ ಸ್ಪಷ್ಟತೆಯಲ್ಲಿ ರಚನೆ ಪರಿಷ್ಕರಿಸುವವರು ಪ್ರತಿಗಳು ಒಂದನ್ನೊಂದು ಹೋಲಲಿ ಎಂಬ ನಿರ್ಬಂಧ ಹಾಕುವುದು ವಾಡಿಕೆ. ಹಾಗಾಗಿ ಸಿಗುವ ಗದ್ದಲದ ಅಳತೆ ನಿಜಕ್ಕಿಂತ ಕಡಿಮೆಯೇ ಇರಬಹುದು.

ಮಿತಿಯ ಅಂಚಿನಲ್ಲಿ ತೂಗಾಡುವ ಜೋಡಿಗಳು ಇನ್ನೊಂದು ತಲೆನೋವು. ಡೈಮರ್‌ನಲ್ಲಿ 4.4, ಟ್ರೈಮರ್‌ನಲ್ಲಿ 4.6 ಆದರೆ ಒಂದೇ ಮಿತಿಯ ನಿಯಮ 'ಕಳಚಿತು' ಎನ್ನುತ್ತದೆ. ಏನೂ ಕಳಚಿಲ್ಲ. ಎರಡು ಮಿತಿ ಇಡಿ: 4.5 ಒಳಗೆ ಬಂದರೆ ಕೂಡಿದೆ, 6.0 ದಾಟಿದರೆ ಬಿಟ್ಟಿದೆ. ನಡುವಿನದಕ್ಕೆ 'ಅನುಮಾನ'. ಒಂದು ಸ್ಥಿತಿಯಲ್ಲಿ ಕೂಡಿ ಇನ್ನೊಂದರಲ್ಲಿ ಪೂರ್ತಿ ಬಿಟ್ಟದ್ದು ಮಾತ್ರ ವ್ಯತ್ಯಾಸದ ಪಟ್ಟಿಗೆ. ಕೆಡಿ-ಟ್ರೀಗೆ 6 ಆಂಗ್‌ಸ್ಟ್ರಾಮ್ ಕೊಟ್ಟದ್ದು ಇದಕ್ಕಾಗಿಯೇ.

ಮೂರನೆಯದು, ಕಾಣದ ರೆಸಿಡ್ಯೂಗಳು. ಹರಳಿನಲ್ಲಿ ಅಲುಗಾಡುವ ಲೂಪ್‌ಗಳ ನಿರ್ದೇಶಾಂಕ ಕಡತದಲ್ಲಿ ಇರುವುದಿಲ್ಲ. ಪಿಡಿಬಿ ನಮೂನೆಯಲ್ಲಿ ರಿಮಾರ್ಕ್ 465ರ ಅಡಿಯಲ್ಲಿ ಅವುಗಳ ಪಟ್ಟಿ ಇರುತ್ತದೆ, ಪಕ್ಕಸರಪಳಿ ಮಾತ್ರ ಕಾಣದವು ರಿಮಾರ್ಕ್ 470ರಲ್ಲಿ. ಸ್ಕ್ರಿಪ್ಟಿಗೆ ಇವು 'ಸಂಪರ್ಕ ಇಲ್ಲ'. ಆದರೆ ಸತ್ಯ 'ಗೊತ್ತಿಲ್ಲ'. ಆದ್ದರಿಂದ ಮ್ಯಾಟ್ರಿಕ್ಸಿನಲ್ಲಿ 0, 1ರ ಜೊತೆ −1 ಎಂಬ ಮೂರನೇ ಬೆಲೆ ಇಡಿ. ಎರಡು ಸ್ಥಿತಿಗಳಲ್ಲಿ ಯಾವುದಾದರೂ ಒಂದರಲ್ಲಿ −1 ಇದ್ದರೆ ಆ ಜೋಡಿಯನ್ನು ಹೋಲಿಕೆಯಿಂದಲೇ ಹೊರಗಿಡಿ. 1ಎಸ್‌ವಿಬಿ 395ಕ್ಕೆ ಮುಗಿಯುತ್ತದೆ, ಟ್ರೈಮರ್‌ನ ತುಣುಕು 401ರವರೆಗೆ ಹೋಗುತ್ತದೆ. ಆ ಬಾಲದ ಸಂಪರ್ಕಗಳು 'ಹೊಸದಾಗಿ ಕೂಡಿದವು' ಎಂದು ಬರದಂತೆ ನೋಡಿಕೊಳ್ಳಿ.

ಇಷ್ಟು ಸೋಸಿದ ಮೇಲೆ ಪಟ್ಟಿಯನ್ನು ಡೊಮೈನ್ ಪ್ರಕಾರ ಗುಂಪಿಸಿ. ಒರಟಾಗಿ: ಒಂದನೇ ಡೊಮೈನ್ 1–51, 137–189, 285–302; ಎರಡನೆಯದು 52–136, 190–284; ಮೂರನೆಯದು 303ರಿಂದ ಮುಂದೆ. ಡೊಮೈನ್ ಒಳಗಿನ ಸಂಪರ್ಕಗಳು ಬಹುಪಾಲು ಹಾಗೆಯೇ ಉಳಿಯಬೇಕು, ಏಕೆಂದರೆ ಇಲ್ಲಿ ಡೊಮೈನ್‌ಗಳು ಇಡಿಯಾಗಿ ಜಾಗ ಬದಲಿಸುತ್ತವೆ: ಮೂರನೆಯದು ಮಡಚಿಕೊಂಡು ಫ್ಯೂಷನ್ ಲೂಪ್ ಕಡೆಗೆ ಸರಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಮೂರನೇ ಡೊಮೈನಿನ ಒಳಗೇ ದೊಡ್ಡ ಏರುಪೇರು ಕಂಡರೆ, ಬಹುತೇಕ ಅದು ಸಂಖ್ಯೆ ಜರುಗಿದ ತಪ್ಪು. ಒಂದು-ಮೂರರ ನಡುವಿನ ಮತ್ತು ಸರಪಳಿಗಳ ನಡುವಿನ ಸಾಲುಗಳಲ್ಲಿ ಬದಲಾವಣೆ ಕಾಣಬೇಕು. ಅವನ್ನು ಪೈಮಾಲ್‌ನಲ್ಲಿ ಗೆರೆ ಎಳೆದು ಒಂದೊಂದಾಗಿ ಕಣ್ಣಲ್ಲಿ ನೋಡಿ.

ಕ್ಯಾಸನೂರಿಗೆ ತರುವುದು

ಮಂಗನ ಕಾಯಿಲೆ ವೈರಸ್‌ನ ಇ ಪ್ರೋಟೀನಿನ ಅನುಕ್ರಮವನ್ನು ಟಿಬಿಇಯದರ ಜೊತೆ ಅಲೈನ್ ಮಾಡಿ, ವ್ಯತ್ಯಾಸದ ಪಟ್ಟಿಯ ಪ್ರತಿ ಜೋಡಿಗೂ ಎರಡು ಹೊಸ ಕಾಲಂ ಸೇರಿಸಿ: ಅಲ್ಲಿನ ಅಮೈನೋ ಆಮ್ಲಗಳು ಯಾವುವು, ಅಲ್ಲಿನ ಸಂಖ್ಯೆ ಎಷ್ಟು. ಟಿಬಿಇಯ ಸಂಖ್ಯೆಯನ್ನೇ ನಕಲು ಮಾಡಬೇಡಿ. ಒಂದು ಕಡೆ ಸೇರ್ಪಡೆ ಇದ್ದರೂ ಅದರಾಚೆಯದೆಲ್ಲ ತಪ್ಪುತ್ತದೆ. ಹನ್ನೆರಡು ಸಿಸ್ಟೀನ್‌ಗಳು ಸಾಲಾಗಿ ಎದುರುಬದುರು ಕೂತಿವೆಯೇ ಎಂದು ನೋಡಿದರೆ ಅಲೈನ್‌ಮೆಂಟಿನ ಸರಿತಪ್ಪು ತಿಳಿಯುತ್ತದೆ. ಎರಡೂ ರೆಸಿಡ್ಯೂ ಬದಲಾಗದ ಜೋಡಿಗಳು ಒಂದು ಗುಂಪು. ಲವಣ ಸೇತುವೆಯ ಒಂದು ಕೊನೆ ಮಾತ್ರ ಬದಲಾಗಿ ವಿದ್ಯುದಾವೇಶ ಕಳೆದುಕೊಂಡವು ಇನ್ನೊಂದು ಗುಂಪು, ಮುಂದೆ ಹೆಚ್ಚು ಕೆದಕಬೇಕಾದದ್ದು ಇವನ್ನು.

ಅನುಕ್ರಮದಿಂದ ರಚನೆ ಊಹಿಸುವ ಕೊಲ್ಯಾಬ್‌ಫೋಲ್ಡ್‌ನಲ್ಲಿ ಮಾದರಿ ರಚನೆ ತೆಗೆದು ಅದರ ಮೇಲೂ ಇದೇ ಸ್ಕ್ರಿಪ್ಟ್ ಓಡಿಸಬಹುದು. ಅಲ್ಲಿ ಬಿ-ಫ್ಯಾಕ್ಟರ್ ಕಾಲಂನಲ್ಲಿ ಇರುವುದು ಪಿಎಲ್‌ಡಿಡಿಟಿ ಎಂಬ ಭರವಸೆಯ ಅಂಕ. 70ಕ್ಕಿಂತ ಕಡಿಮೆ ಇರುವ ರೆಸಿಡ್ಯೂಗಳನ್ನು −1 ಎಂದೇ ಎಣಿಸಿ. ಮಾದರಿ ಯಾವ ಸ್ಥಿತಿಗೆ ಹೋಲುತ್ತದೆ ಎಂಬುದನ್ನು ಡೊಮೈನ್‌ಗಳ ನಡುವಿನ ಸಂಪರ್ಕ ನೋಡಿ ಮೊದಲು ನಿರ್ಧರಿಸಿ, ಆ ಸ್ಥಿತಿಯ ಟಿಬಿಇ ರಚನೆಯ ಜೊತೆ ಮಾತ್ರ ಹೋಲಿಸಿ. ಒಂಟಿ ಸರಪಳಿಯ ಮಾದರಿಯಾದರೆ ಸರಪಳಿಗಳ ನಡುವಿನ ಕಾಲಂಗಳನ್ನೆಲ್ಲ ಖಾಲಿ ಬಿಡಿ, ಸೊನ್ನೆ ತುಂಬಬೇಡಿ.